ಕುಂಕುಮ ಹತ್ತಿದ ಪಿಸ್ತೂಲು ಮತ್ತು ದಸ್ತಗೀರ ಚಾಚಾ

ಶಹಾಬಾದಿನಲ್ಲಿ ಸೂರ್ಯ ಮೇಲೆ ಬರುವುದು ಗುಲಾಮ ದಸ್ತಗೀರ ಅವರ ಅಪ್ಪಣೆ ಸಿಕ್ಕ ಮೇಲೆಯೇ. ನಂಬದವರು ಬೆಳಗಿನ ಐದೂವರೆಗೆ ಸ್ಟೇಷನ್ನಿನ ಹಿಂದಿನ ಗಲ್ಲಿಗೆ ಬಂದು ನೋಡಬೇಕು. ಚಾಚಾ ಮೊದಲು ಹೊಸ್ತಿಲ ಮುಂದೆ ಎರಡು ಕೊಡ ನೀರು ಚಿಮುಕಿಸುತ್ತಾರೆ. ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಾರೆ. ಮೇಜಿನ ಮೇಲೆ ಬಿಳಿ ಚಾದರ ಹಾಸಿ, ಕನ್ನಡಕ ಒರೆಸಿ, ಆಮೇಲೆ ಕಿಟಕಿ ತೆರೆಯುತ್ತಾರೆ. ಹೊರಗೆ ಕಾದು ನಿಂತಿದ್ದ ಬೆಳಕು ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ.

ಇಷ್ಟು ಸಡಗರಕ್ಕೆ ಕಾರಣ ಧೂಳು. ಎಂಟು ಗಂಟೆಗೆ ಊರಿನ ಕಲ್ಲು ಪಾಲಿಶ್ ಮಷಿನ್ನುಗಳು ಶುರುವಾದರೆ, ಒಂಬತ್ತರ ಹೊತ್ತಿಗೆ ಇಲ್ಲಿಯ ಕಾಗೆಗಳು ಪಾರಿವಾಳದ ಬಣ್ಣಕ್ಕೆ ತಿರುಗಿರುತ್ತವೆ. ಚಾಚಾರದು ಧೂಳು ಸೇರದ ಕೆಲಸ. ಲೈಸೆನ್ಸ್ ಇರುವವರ ಬಂದೂಕು, ಪಿಸ್ತೂಲುಗಳ ರಿಪೇರಿ. ಅಂಗಡಿಗೂ ಲೈಸೆನ್ಸ್ ಇದೆ, ಬೋರ್ಡೂ ಇದೆ. ಆದರೆ ಆರು ವರ್ಷದ ಹಿಂದೆ ಸುಣ್ಣ ಬಳಿಯಲು ಬಂದವನು ಬೋರ್ಡಿನ ಮೇಲೂ ಬಳಿದು ಹೋದ. ಚಾಚಾ ಅಳಿಸುವ ಗೋಜಿಗೆ ಹೋಗಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದೂರಿನಲ್ಲಿ ಯಾರ ಸೊಂಟದ ಧೈರ್ಯ ಸಡಿಲಾದರೂ ಅದು ಬಿಚ್ಚಿಕೊಂಡು ಬೀಳುವುದು ಇದೇ ಚಾದರದ ಮೇಲೆ ಎಂಬುದು ಎಲ್ಲರಿಗೂ ಗೊತ್ತು.

ವಯಸ್ಸು ಅರವತ್ನಾಲ್ಕು. ಅದರಲ್ಲಿ ನಲವತ್ತೊಂದು ವರ್ಷ ಇದೇ ಸ್ಟೂಲಿನ ಮೇಲೆ ಕಳೆದಿವೆ. ತಂದೆ ಮಜೀದಸಾಬ ಗಡಿಯಾರ ರಿಪೇರಿಯವರು. ಬತ್ತಿ ಹಚ್ಚಿ ಹಾರಿಸುವ ಹಳೆಯ ತೋಡೆದಾರ ಬಂದೂಕನ್ನೂ ಗಡಿಯಾರದಂತೆ ಕಿವಿಗೆ ಹಿಡಿದು ಕೇಳುತ್ತಿದ್ದರಂತೆ. ಮಗನಿಗೆ ಬಂದದ್ದು ಮೂಗು. ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಬಲಗಣ್ಣು ಸರದಿಯಲ್ಲಿದೆ. ಚುನಾವಣೆ ಬಂದರೆ ಲೈಸೆನ್ಸಿನ ಹತ್ಯಾರಗಳೆಲ್ಲ ಪೊಲೀಸ್ ಠಾಣೆಯಲ್ಲಿ ಜಮಾ ಆಗುತ್ತವೆ, ಚಾಚಾ ಎರಡು ತಿಂಗಳು ಕೈಕಟ್ಟಿ ಕೂರುತ್ತಾರೆ. ವರ್ಷಕ್ಕೆ ಇನ್ನೂರರ ಮೇಲೆ ಹತ್ಯಾರಗಳು ಅವರ ಕೈಮೇಲೆ ಹಾದುಹೋಗುತ್ತವೆ. ಹೆಂಡತಿ ನಜಮುನ್ನೀಸಾ ಚಹಾ ತಂದಿಡುತ್ತ ಹೇಳುತ್ತಾರೆ: "ನನ್ನ ನಿಕಾ ಆದ ತಾರೀಖು ಕೇಳ್ರಿ, ಬಾಯಿಗಿ ಬರಂಗಿಲ್ಲ. ಚಿಂಚೋಳಿ ಗೌಡರ ಪಿಸ್ತೂಲಿನ ನಂಬರ ಕೇಳ್ರಿ, ನಿದ್ದ್ಯಾಗ ಎಬ್ಬಿಸಿದ್ರೂ ಹೇಳ್ತಾರ."

ವರ್ಷದ ಸುಗ್ಗಿ ಆಯುಧಪೂಜೆಯ ಮರುದಿನದಿಂದ. ಐದೂರಿನ ಭಕ್ತಿ ಪಿಸ್ತೂಲಿನ ಸಂದುಗಳಲ್ಲಿ ಸಿಕ್ಕಿಕೊಂಡು ಬರುತ್ತದೆ. ಚಾಚಾ ಬಿಚ್ಚುವ ಮೊದಲೇ ಮೂಸಿ ಊರು ಹೇಳುತ್ತಾರೆ. ವಿಭೂತಿ ಜಾಸ್ತಿ ಇದ್ದರೆ ಸೇಡಂ ಕಡೆಯದು, ಅರಿಶಿನದಲ್ಲಿ ಮುಳುಗಿದ್ದರೆ ಕುಂಚಾವರಂ ಕಡೆಯದು, ನಿಂಬೆರಸ ಹಿಂಡಿ ತುಕ್ಕು ಹಿಡಿಸಿದ್ದರೆ ಚಿತ್ತಾಪುರದ ಯಾರೋ ರಸಿಕರದು. ಒಮ್ಮೆ ಒಂದು ನಳಿಗೆಯಿಂದ ಇಡೀ ಚೆಂಡುಹೂವು ಹೊರಬಂತಂತೆ. ಅದು ಇನ್ನೂ ಅರಳಿಯೇ ಇತ್ತು.

ಅಂಥದೊಂದು ಬೆಳಗ್ಗೆ ಮೊದಲ ಗಿರಾಕಿ ನಾಲವಾರದ ರಾಮಲಿಂಗ. ವಾಡಿ ಬಳಿಯ ಕಲ್ಲುಗಣಿಯ ಸಿಡಿಮದ್ದಿನ ಗೋದಾಮಿಗೆ ಹನ್ನೊಂದು ವರ್ಷದಿಂದ ಕಾವಲುಗಾರ. ಆಳು ಎಷ್ಟು ಎತ್ತರವೆಂದರೆ ರೈಲಿನಲ್ಲಿ ನಿಂತರೆ ಮುಂದಿನ ಸ್ಟೇಷನ್ನು ಕಾಣುತ್ತದೆ. ಪಿಸ್ತೂಲು ಮಾತ್ರ ಅಂಗೈಯಷ್ಟು, ಸರಕಾರಿ ಕಾರ್ಖಾನೆಯದು, ಸಸ್ತಾ, ಅದೂ ಒಬ್ಬರು ಬಳಸಿ ಬಿಟ್ಟದ್ದು. ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ಏರಿಸಿಕೊಳ್ಳಬೇಕಾದ ಜಾತಿ. ಹೋದ ವರ್ಷದ ಗುರಿ ಪರೀಕ್ಷೆಯಲ್ಲಿ ಅದು ಮೂರು ಸಲ ಏರಿಸಿಕೊಳ್ಳದೆ ನಡುವೆಯೇ ಸಿಕ್ಕಿಬಿತ್ತು. ಕಾವಲು ಏಜೆನ್ಸಿಯ ಮಾಲೀಕ, ಸೇಡಂನ ಸಂಗಮೇಶ್ವರ ಅಂದೇ ಹೇಳಿಬಿಟ್ಟಿದ್ದ: "ಮುಂದಿನ ವರ್ಷನೂ ಹಿಂಗ ಆದ್ರ ಬ್ಯಾರೆ ಕಡಿ ಕೆಲಸ ನೋಡ್ಕೊ." ಈ ವರ್ಷದ ಪರೀಕ್ಷೆಗೆ ಇನ್ನು ಎಂಟು ದಿನ.

"ಚಾಚಾ, ಇದು ಸಸ್ತಾದ್ದು ಅಂತ ಹಿಂಗ ಆಗ್ಲಿಕತ್ತದೇನು? ಇದ್ದ ಎರಡು ಎಮ್ಮಿ ಮಾರಿ ಚಲೋದು ತಗೊಳ್ಳಲೇನು?"

"ಎಮ್ಮಿ ಹಾಲು ಕೊಡ್ತಾವ, ಇರ್ಲಿ ಬಿಡು," ಚಾಚಾ ಪಿಸ್ತೂಲನ್ನು ಬಿಚ್ಚಿ ಚಾದರದ ಮೇಲೆ ಹರಡುತ್ತಾರೆ. "ಪಿಸ್ತೂಲಿಂದು ಕಿಮ್ಮತ್ತು ಅಂಗಡ್ಯಾಗ ಗೊತ್ತಾಗಂಗಿಲ್ಲ ರಾಮಲಿಂಗ. ಹತ್ತು ವರ್ಷ ಸೊಂಟದಾಗ ಗಪ್ಪ ಇದ್ದು, ಕರದ ದಿನ ಒಮ್ಮಿಗೇ ಓ ಅನ್ನಬೇಕು, ಅದು ಕಿಮ್ಮತ್ತು. ಇದರ ನಳಗಿ ಚಲೋ ಅದ. ಸ್ಪ್ರಿಂಗು ಗಟ್ಟಿ ಅದ. ಬಡವರ ಮನಿ ಹುಡುಗಿ ಇದ್ದಂಗ ಅದ, ತಕರಾರಿಲ್ಲದ್ದು."

ಆಮೇಲೆ ಮೂಗಿನ ಹತ್ತಿರ ಹಿಡಿಯುತ್ತಾರೆ. ಒಂದು ಸಲ, ಎರಡು ಸಲ. ಸಂದಿನಿಂದ ಕೆಂಪು ಅಂಟೊಂದನ್ನು ಸೂಜಿಯಲ್ಲಿ ಎಳೆಯುತ್ತಾರೆ.

"ಕುಸುಬಿ ಎಣ್ಣಿ. ಕುಂಕುಮ. ಮ್ಯಾಲ ಗಣಿ ಧೂಳು. ಇದರಾಗ ನಾಕು ಬದನಿಕಾಯಿ ಹಾಕಿದ್ರ ಎಣ್ಣಿಗಾಯಿ ಆಗ್ತದ. ಯಾರು ಮಾಡ್ಯಾರಿದು?"

ರಾಮಲಿಂಗ ತಲೆ ತಗ್ಗಿಸುತ್ತಾನೆ. "ನಮ್ಮವ್ವ. ಅಮಾಸಿಗೊಮ್ಮಿ. ಗುಂಡು ತೆಗದು ಮುಂದ ಇಡ್ತೀನಿ, ಎಣ್ಣಿ ಎರದು ಕುಂಕುಮ ಹಚ್ತಾಳ. ಮಗನ್ನ ಕಾಯೋದು ಇದೇ ಅಂತಾಳ. ಬ್ಯಾಡ ಅನ್ಲಿಕ್ಕ ನನ್ನ ಕಡಿಂದ ಆಗಂಗಿಲ್ಲ."

"ಹೋದ ವರ್ಷ ಪರೀಕ್ಷಾ ಯಾವತ್ತಿತ್ತು?"

"ಅಮಾಸಿ ಮರುದಿನ."

"ಈ ವರ್ಷ?"

ರಾಮಲಿಂಗ ಬೆರಳು ಮಡಚಿ ಎಣಿಸಿ, ಬೆರಳನ್ನು ಹಾಗೆಯೇ ಹಿಡಿದು ನಿಲ್ಲುತ್ತಾನೆ. ಈ ವರ್ಷವೂ ಅಮಾವಾಸ್ಯೆಯ ಮರುದಿನವೇ.

ಚಾಚಾ ಪಿಸ್ತೂಲನ್ನು ಮೂರು ಗಂಟೆ ಒರೆಸುತ್ತಾರೆ. ಆ ಹೊಳಪಿಗೆ ಹೆದರಿ ಎದುರಿನ ಗೋಡೆಯ ಹಲ್ಲಿ ಮನೆ ಬದಲಿಸುತ್ತದೆ. ಕೊಡುವಾಗ ಒಂದೇ ಮಾತು: "ಅಮಾಸಿ ದಿನ ಅವ್ವನ್ನ ಇಲ್ಲಿ ಕರ್ಕೊಂಡು ಬಾ. ಎಣ್ಣಿ ಬಾಟ್ಲಿನೂ ತರ್ಲಿ."

ಅಮಾವಾಸ್ಯೆಯ ಬೆಳಗಿನ ರೈಲಿಗೆ ಯಂಕಮ್ಮ ಮಗನೊಂದಿಗೆ ಬಂದಿಳಿಯುತ್ತಾರೆ. ಎಪ್ಪತ್ತೆಂಟು ವರ್ಷ. ನಡು ಬಾಗಿದೆ, ನಾಲಿಗೆ ಬಾಗಿಲ್ಲ. ನಾಲವಾರದಲ್ಲಿ ಅವರು ಕೆಮ್ಮಿದರೆ ವಾಡಿಯಲ್ಲಿ ಸಿಗ್ನಲ್ ಬೀಳುತ್ತದೆ.

"ಏನು ತಮ್ಮಾ, ನನ್ನ ದೇವ್ರಿಗಿ ಜಳಕ ಮಾಡಿಸಿದಿ ಅಂತ ಕೇಳಿದೆ."

"ಕುಂದ್ರಿ ಅವ್ವಾ. ಚಹಾ ಕುಡೀರಿ. ನೀವು ಎರದ ಎಣ್ಣಿ ಧೂಳಿನ ಸಂಗಾಟ ಕೂಡಿ ಗಚ್ಚಿನ ಗಾರಿ ಆಗ್ತದ. ನಿಮ್ಮ ಮಗ ಕರದಾಗ ಅದು ಬಾಯಿ ತೆರಿಲಿಕ್ಕ ಆಗಂಗಿಲ್ಲ. ಕುಂಕುಮ ಬೇಕಾದ್ರ ಮ್ಯಾಲಿನ ತೊಗಲಿನ ಚೀಲಕ್ಕ ಹಚ್ರಿ."

"ದೇವ್ರನ್ನ ಬಿಟ್ಟು ಗುಡಿ ಬಾಗಲಕ್ಕ ಎಣ್ಣಿ ಹಚ್ಚು ಅಂತಿಯೇನು? ನನ್ನ ಗಂಡ ಕಲ್ಲಿನ ಗಣ್ಯಾಗ ಜೀವ ಬಿಟ್ಟ. ಅವತ್ತು ಅವನ ಸುತ್ತಗಿಗಿ ನಾ ಪೂಜಿ ಮಾಡಿರಲಿಲ್ಲ. ಆವತ್ತಿಂದ ಒಂದು ಅಮಾಸಿ ತಪ್ಪಿಸಿಲ್ಲ."

ನಲವತ್ತೊಂದು ವರ್ಷದಲ್ಲಿ ಚಾಚಾ ಬಿಡಿಸದ ಜಾಮ್ ಇಲ್ಲ. ಇದು ಮಾತ್ರ ಯಾವ ಸಲಕರಣೆಗೂ ಬಗ್ಗುವ ಜಾಮ್ ಅಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಮೇಜಿನ ಖಾನೆ ಎಳೆದು ತಂದೆಯ ಕಾಲದ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಮರದ ಹಿಡಿ ಮಜೀದಸಾಬರ ಹೆಬ್ಬೆರಳಿನಷ್ಟು ಸವೆದಿದೆ. ಅದನ್ನು ಯಂಕಮ್ಮನ ಮುಂದೆ ಚಾದರದ ಮೇಲೆ ಇಡುತ್ತಾರೆ.

"ಪಿಸ್ತೂಲು ನಿಮ್ಮ ಮಗನ್ನ ಕಾಯ್ತದ ಅವ್ವಾ. ಆ ಪಿಸ್ತೂಲು ಕಾಯೋದು ಇದು. ಎಷ್ಟು ಎಣ್ಣಿ ಎರೀತೀರೋ ಇದಕ್ಕ ಎರೀರಿ. ಇದು ಸಿಕ್ಕಿ ಬೀಳಂಗಿಲ್ಲ."

ಯಂಕಮ್ಮ ಸ್ಕ್ರೂಡ್ರೈವರನ್ನು ತಿರುಗಿಸಿ ನೋಡುತ್ತಾರೆ, ಚಾಚಾರ ಮುಖವನ್ನೂ ನೋಡುತ್ತಾರೆ. "ನಿಮ್ಮೊಳಗ ಪೂಜಿ ನಡೀತದೇನು?"

"ನಮ್ಮಪ್ಪಂದದು. ಅವ ಇದ್ದಿದ್ರ ಊದಿನಕಡ್ಡಿ ತಾನೇ ತರ್ತಿದ್ದ."

ಮುದುಕಿ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ. ಅಷ್ಟು ಎಣ್ಣೆಯಲ್ಲಿ ಗುಲಬರ್ಗಾ ಪ್ಯಾಸೆಂಜರಿನ ಗಾಲಿಗಳೆಲ್ಲ ಒಂದು ವರ್ಷ ತಿರುಗಬಹುದಿತ್ತು. ಬಿಳಿ ಚಾದರ ಹಾಳಾಗುತ್ತದೆ. ಹೊರಡುವಾಗ ಯಂಕಮ್ಮ ಒಳಗೆ ಇಣುಕಿ ನಜಮುನ್ನೀಸಾಗೆ ಹೇಳುತ್ತಾರೆ: "ಚಾದರ ಸೋಡಾದಾಗ ನೆನಿ ಹಾಕವ್ವಾ, ಹೋಗ್ತದ."

ಮರುದಿನದ ಪರೀಕ್ಷೆಯಲ್ಲಿ ಹತ್ತು ಗುಂಡು. ಒಂಬತ್ತನೆಯ ಗುಂಡಿನವರೆಗೆ ರಾಮಲಿಂಗ ಉಸಿರಾಡಿಲ್ಲ ಎಂದು ಪಕ್ಕದಲ್ಲಿ ನಿಂತವರು ಆಣೆ ಮಾಡುತ್ತಾರೆ. ಹತ್ತನೆಯದೂ ಹಾರಿದಾಗ ಅವನು ಬಿಟ್ಟ ಉಸಿರಿಗೆ ಮೈದಾನದ ಜಾಲಿಗಿಡಗಳು ಬಾಗಿದವಂತೆ. ಆಮೇಲೆ ಸಂಗಮೇಶ್ವರ ತನ್ನ ವಿಲಾಯತಿ ಪಿಸ್ತೂಲು ತೆಗೆಯುತ್ತಾನೆ. ಅದರ ಬೆಲೆಗೆ ಎರಡು ಎಕರೆ ನೀರಾವರಿ ಹೊಲ ಬರುತ್ತದೆ. ಅದು ಎರಡು ಹಾರಿಸಿ, ಮೂರನೆಯದಕ್ಕೆ ಬಾಯಿ ಕಚ್ಚಿಕೊಂಡು ನಿಲ್ಲುತ್ತದೆ. ಸಂಗಮೇಶ್ವರ ಅದನ್ನು ಒರೆಗೆ ತುರುಕಿ ರಾಮಲಿಂಗನಿಗೆ ಹೇಳಿದ್ದಿಷ್ಟೇ: "ಸೋಮವಾರ ಡ್ಯೂಟಿಗಿ ಬಾ. ಹಂಗ... ಆ ಚಾಚಾನ ಅಂಗಡಿ ಎಲ್ಲಿ ಬರ್ತದ?"

ಈಗ ಅಮಾವಾಸ್ಯೆ ಬಂತೆಂದರೆ ನಾಲವಾರದಿಂದ ಒಂದು ಎಣ್ಣೆ ಬಾಟಲಿ ಬೆಳಗಿನ ರೈಲು ಹತ್ತುತ್ತದೆ. ಯಂಕಮ್ಮನನ್ನು ನೋಡಿ ಚಿತ್ತಾಪುರದಿಂದ ಇಬ್ಬರು, ಚಂದಾಪುರದಿಂದ ಒಬ್ಬರು, ಹೀಗೆ ಮೂವರು ಅಜ್ಜಿಯರೂ ಶುರು ಮಾಡಿದ್ದಾರೆ. ಅಂಗಡಿಗೆ ಬರುವ ಕೆಂಪು ಪಿಸ್ತೂಲುಗಳು ಕಡಿಮೆಯಾಗಿವೆ, ಅದರೊಂದಿಗೆ ಚಾಚಾರ ಕೆಲಸವೂ. ಅದಕ್ಕೆ ಅವರಿಗೆ ಬೇಸರವಿಲ್ಲ. ಆಸೆ ಏನಾದರೂ ಇದೆಯೇ ಎಂದರೆ, ಬಲಗಣ್ಣಿನ ಪೊರೆ ಬೇಗ ತೆಗೆಸಬೇಕು ಎನ್ನುತ್ತಾರೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯನ್ನು ಲುಂಗಿಯ ತುದಿಗೆ ಒರೆಸಿಕೊಳ್ಳುತ್ತ ಮಾತು ಸೇರಿಸುತ್ತಾರೆ:

"ನಾ ಸುಧಾರಿಸಿದ ಪಿಸ್ತೂಲು ಪರೀಕ್ಷಾದಾಗ ಹಾರ್ಯಾವ. ಮನಷ್ಯಾನ ಮ್ಯಾಲ ಇವತ್ತಿನ ತನಕ ಒಂದೂ ಹಾರಿಲ್ರಿ. ಈ ಸ್ಕ್ರೂಡ್ರೈವರ ಈಗ ಎಣ್ಣಿಗಿ ಕೈಯಾಗ ಭಾಳ ಜಾರ್ತದ. ಜಾರ್ಲಿ, ನಾ ಒರಸ್ಕೋತೀನಿ. ಆ ಮುದಕಿ ಮಗ ಸಂಜಿಕ ಮನಿಗಿ ಹೋಗ್ಲಿಕತ್ತಾನ, ಸಾಕು."