ಸಾಹೇಬರ ಕಾರಿನ ಗಾಳಿ

ರಾಮನಗರದ ನಮ್ಮ ಬೀದಿಯಲ್ಲಿ ರೇಷ್ಮೆನೂಲು ತೆಗೆಯುವ ಸಾಹೇಬರೊಬ್ಬರಿದ್ದರು. ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವಂತೆಯೇ, ಹೊಸ ಕಾರಿನ ಎಸಿಗೂ ಕಿವಿಗೊಟ್ಟು ಕೂರುತ್ತಿದ್ದರು. ಹೊರಗಿನ ಗಾಳಿ ಬಾರದಂತೆ ಅವರು ಗುಂಡಿ ಒತ್ತಿದರೆ, ಸ್ವಲ್ಪ ಹೊತ್ತಿಗೆ ಕಾರು ತಾನಾಗಿಯೇ ಗಾಳಿಯ ದಾರಿ ತೆರೆದುಬಿಡುತ್ತಿತ್ತು. ಬೀದಿಯಲ್ಲಿ ಗೂಡು ಬೇಯಿಸುವ ವಾಸನೆಯೆಲ್ಲ ಒಳಗೆ ನುಗ್ಗುತ್ತಿತ್ತು.

"ಇದು ಕೆಟ್ಟಿರೋದಲ್ಲ ಸಾರ್, ಕೂತೋರಿಗೆ ಒಳ್ಳೆ ಗಾಳಿ ಸಿಗ್ಲಿ ಅಂತ ಕಂಪ್ನಿಯವ್ರೇ ಹಂಗೆ ಮಾಡವ್ರೆ" ಎಂದರು ಶೋರೂಮಿನವರು.

"ಕಾರು ನಂದು ಮೇಷ್ಟ್ರೇ, ಗಾಳಿ ಮಾತ್ರ ಅವ್ರಿಷ್ಟ!" ಎಂದು ಸಾಹೇಬರು ನಾನು ಸಿಕ್ಕಾಗಲೆಲ್ಲ ಗೊಣಗುತ್ತಿದ್ದರು.

ಅವರ ಮಗಳನ್ನು ನೋಡಲು ಗಂಡಿನ ತಾಯಿ ಮೈಸೂರಿನಿಂದ ಬಂದ ದಿನ, ನನ್ನನ್ನೂ ಸ್ಟೇಷನ್ನಿಗೆ ಕರೆದೊಯ್ದರು. ರೈಲು ಬರುವ ಮುಂಚೆಯೇ, "ಆಯಮ್ಮಂಗೆ ವಾಸ್ನೆ ಬರಬಾರ್ದು. ಗುಂಡಿ ಮ್ಯಾಲೆ ಒಸಿ ಕಣ್ಣಿಟ್ಟಿರಿ" ಎಂದಿದ್ದರು.

ವಾಪಸು ಬರುವಾಗ, ನಮ್ಮ ಬೀದಿಗೆ ತಿರುಗುತ್ತಲೇ ಗುಂಡಿಯ ದೀಪ ಆರಿ, ಗಾಳಿಯ ದಾರಿ ತೆರೆಯಿತು. ನಾನು ಒತ್ತಿದೆ, ಗಾಬರಿಯಲ್ಲಿ ಅವರೂ ಒತ್ತಿದರು. ನಾನು ಮುಚ್ಚಿದ್ದನ್ನು ಅವರೇ ತೆರೆದಂತಾಯಿತು. ವಾಸನೆ ಕಾರನ್ನೆಲ್ಲ ತುಂಬಿತು. ಸಾಹೇಬರ ಮುಖ ಬಿಳಿಚಿಕೊಂಡಿತು.

ಹಿಂದೆ ಕೂತಿದ್ದ ಆ ತಾಯಿ ತಮ್ಮ ಕಡೆಯ ಗಾಜನ್ನು ಪೂರ್ತಿ ಇಳಿಸಿದರು. ನನಗೂ ತಿಳಿಯಲೆಂದೋ ಏನೋ, ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದರು: "ಗೂಡು ಬೇಯಿಸ್ತಿದ್ದಾರಲ್ವಾ ಭಾಯ್? ಇರ್ಲಿ ಬಿಡಿ. ಇನ್ಮೇಲೆ ನಾವು ಬಂದುಹೋಗೋ ಮನೆ, ಈಗ್ಲಿಂದ್ಲೇ ಅಭ್ಯಾಸ ಆಗ್ಲಿ."

ಸಾಹೇಬರು ಎಸಿ ಆರಿಸಿ, ಉಳಿದ ಗಾಜುಗಳನ್ನೂ ಇಳಿಸಿದರು.