ಸಾಲಿನಾಕಿ

ಅಕ್ಕನ ಬಲಗೈ ತೋರುಬೆರಳಿನ ಉಗುರಿನಲ್ಲಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದ ಎರೆಮಣ್ಣಿನ ಗೆರೆ. ಯಾವ ಹೊಲಕ್ಕೆ ಹೋಗಲಿ, ಬಗ್ಗಿ ಒಂದು ಚಿಟಿಕೆ ಮಣ್ಣೆತ್ತಿ ನಾಲಿಗೆಯ ತುದಿಗೆ ಹಚ್ಚಿಕೊಳ್ಳುವಳು. ರುಚಿ ನೋಡಿ, ಪಕ್ಕಕ್ಕೆ ಉಗುಳಿ, "ಇದು ಸಾಲಿನ ಮಣ್ಣು" ಎನ್ನುವಳು. ಇಲ್ಲವೆ "ಇದಲ್ಲ" ಎನ್ನುವಳು. ಅವ್ವ ಬೈಯುತ್ತಿದ್ದಳು: "ಬಸರಿ ಹೆಣ್ಮಗಳಂಗ ಮಣ್ಣು ತಿಂತೀಯಲ್ಲ ಬೇ, ಕಂಡವರು ಏನಂದಾರು?"

ಸಾಲು ಎಂದರೆ ನಮ್ಮ ಕಡೆ ಡೋಣಿ ಸಾಲು. ಡೋಣಿ ಹೊಳೆಯ ಎರಡೂ ದಂಡೆಗೆ ಹಬ್ಬಿದ ಕಪ್ಪು ನೆಲ, ಬಿಳಿಜೋಳದ ನೆಲ. ಟಿಕೋಟದ ಹತ್ತಿರದ ನಮ್ಮೂರು ಅದರೊಳಗೇ ಬರುತ್ತದೆ. ಅದನ್ನು ಬಿಟ್ಟು ಏರಿದರೆ ಕಲ್ಲುನೆಲ. ಅದಕ್ಕೆ ಮಡ್ಡಿ ಎನ್ನುತ್ತೇವೆ.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟೆ. ಅಕ್ಕ ನಾಲ್ಕನೆಯದಕ್ಕೆ ಬಿಟ್ಟಳು, ಆದರೆ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. "ಸಾಲು ಎಲ್ಲಿಂದ ಎಲ್ಲಿತನ? ಅದಕ್ಕ ಸಾಲು ಅಂತ ಯಾಕಂತಾರ?" ಎಂದು ಕಂಡಕಂಡವರನ್ನು ಕೇಳುವಳು. ಹೊಳೆಯ ಗುಂಟ ಊರುಗಳು ಸಾಲಾಗಿ ಕುಳಿತಿವೆ, ಅದಕ್ಕೇ ಸಾಲು ಎಂದು ಅಪ್ಪ ಹೇಳಿದ. ಮಳೆ ಬಿದ್ದಾಗ ಎಲ್ಲಿ ಕುರಿಯ ಕಾಲು ಹುಗಿಯುತ್ತದೋ ಅದೇ ಸಾಲು, ಅಲ್ಲಿಗೆ ನಾವು ಹಿಂಡು ಹೊಡೆಯುವುದಿಲ್ಲ ಎಂದು ಕುರುಬರ ಮುದುಕ ಹೇಳಿದ. ಅಕ್ಕನಿಗೆ ಹಿಡಿಸಿದ್ದು ನಮ್ಮ ಹೊಲ ಬಿತ್ತಲು ಬರುತ್ತಿದ್ದ ಆಳಿನ ಮಾತು.

"ಕೂರಿಗಿ ಹೊಡಿಯುವಾಗ ನೆಲಾ ಸೀಳೋ ತಾಳು ಕಲ್ಲಿಗೆ ಬಡದು ಖಣ್ ಅನಬಾರದು ತಂಗಿ. ಖಣ್ ಅನ್ನದ ಸಾಲು ಎಲ್ಲಿತನ ಹೋಗತೈತಿ, ಅಲ್ಲಿತನ ನಮ್ಮ ಸಾಲು."

"ಹಂಗಾರ ಮೊದಲು ಬಿತ್ತೋ ಸಾಲು ಇತ್ತು. ಸೀಮಿಗೆ ಹೆಸರು ಆಮ್ಯಾಲೆ ಬಂತು" ಎಂದು ಅಕ್ಕ ಎರಡು ದಿನ ಮನೆ ತುಂಬ ಹೇಳಿಕೊಂಡು ತಿರುಗಿದಳು.

ಅಪ್ಪನಿಗೆ ಮಾತ್ರ ಅದು ಹೆಸರಿನ ಚರ್ಚೆಯಾಗಿರಲಿಲ್ಲ. ಅವನ ತಂಗಿಯನ್ನು ಕನಮಡಿ ಕಡೆಯ ಮಡ್ಡಿಗೆ ಕೊಟ್ಟಿದ್ದರು. ಆಕೆ ಕಲ್ಲು ಆರಿಸುತ್ತಲೇ ಬೆನ್ನು ಬಾಗಿ ಸತ್ತಳು. "ಸಾಲು ದಾಟಿಸಿ ನನ್ನ ಮಗಳನ್ನ ಕೊಡಂಗಿಲ್ಲ" ಎಂದು ಅಪ್ಪ ಆಣೆ ಹಾಕಿಕೊಂಡಿದ್ದ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಬಲೇಶ್ವರದಾಚೆಯ ಒಂದು ಊರಿನಿಂದ ಅಕ್ಕನಿಗೆ ಸಂಬಂಧ ಬಂತು. ಹುಡುಗ ಸಂಭಾವಿತ. ತಮ್ಮದೂ ಡೋಣಿ ಸಾಲೇ ಎಂದರು. ಅಪ್ಪ ಕಾಲಿಗೆ ಪೆಟ್ಟಾಗಿ ಮಲಗಿದ್ದ. ಹತ್ತೊಂಬತ್ತರ ನನ್ನನ್ನು ಕರೆದು, "ಹೊಲಾ ನೋಡಿ, ಒಂದು ಹಿಡಿ ಮಣ್ಣು ಅರಿವ್ಯಾಗ ಕಟ್ಟಿಕೊಂಡು ಬಾ" ಎಂದ.

ಅಕ್ಕ ಬಾಗಿಲತನಕ ಬಂದಳು. ದನಿ ಇಳಿಸಿ ಹೇಳಿದಳು: "ಲೇ ತಮ್ಮಾ, ಬರಿಗಾಲಿಲೆ ಅಡ್ಡಾಡಲೇ. ಈ ಕಡಿಂದ ಆ ಕಡಿತನ. ಕಾಲಿಗೆ ಕಲ್ಲು ತಾಗಿದ್ರ ಬ್ಯಾಡ ಅಂತ ಅಪ್ಪಗ ಹೇಳು."

"ಆತು ಬಿಡ ಬೇ, ಎಷ್ಟ್ ಹೇಳತಿ" ಎಂದು ಓಡಿದೆ.

ಬಬಲೇಶ್ವರದ ಬಸ್ಸಿಗಾಗಿ ವಿಜಯಪುರದಲ್ಲಿ ಇಳಿದೆ. ಆಗ ನಾವದನ್ನು ವಿಜಾಪುರ ಎನ್ನುತ್ತಿದ್ದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಮುಂದೆ ಟಾಂಗಾಕ್ಕೆ ಬಣ್ಣದ ಹಲಗೆ ಕಟ್ಟಿ ಹೊಸ ಸಿನಿಮಾದ ಹೆಸರು ಕೂಗುತ್ತಿದ್ದರು. ಕಾಲು ಅತ್ತ ಎಳೆಯಿತು. ಬಬಲೇಶ್ವರದ ಗಾಡಿಗೆ ಕಾದಿದ್ದ ಒಬ್ಬರನ್ನು ಕೇಳಿದೆ: "ಆ ಊರು ಸಾಲಿನ್ಯಾಗ ಬರತೈತೇನ್ರಿ?" "ಹೂಂ ಮತ್ತ, ಸಾಲಿನ್ಯಾಗ" ಎಂದರು ಅವರು, ಬೀಡಿ ಹಚ್ಚುತ್ತ. ನನಗೆ ಅಷ್ಟು ಸಾಕಾಯಿತು. ಟಾಂಗಾದ ಹಿಂದೆಯೇ ಹೋದೆ.

ಆಟ ಬಿಟ್ಟಾಗ ಬಿಸಿಲು ಇಳಿದಿತ್ತು. ತಿರುಗಿ ಬಂದು ಊರ ಹೊರಗೇ ಬಸ್ಸಿಳಿದು, ರಸ್ತೆ ಬದಿಯ ಹೊಲದಿಂದ ಒಂದು ಹಿಡಿ ಮಣ್ಣು ತೆಗೆದು ಅರಿವೆಯಲ್ಲಿ ಕಟ್ಟಿದೆ. ನಮ್ಮೂರ ಮಣ್ಣು.

ಅಪ್ಪ ಅದಕ್ಕೆ ನೀರು ಹನಿಸಿ ಅಂಗೈಯಲ್ಲಿ ಹೊಸೆದ. ಮುರಿಯದೆ ಹುರಿಯಂತೆ ಉದ್ದಕ್ಕೆ ಬಂತು. "ಖರೇ ಸಾಲಿನ ಮಣ್ಣು" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅಕ್ಕ ಒಂದು ಚಿಟಿಕೆ ನಾಲಿಗೆಗೆ ಹಚ್ಚಿದಳು. ನನ್ನ ಮುಖ ನೋಡಿದಳು.

"ನಮ್ಮ ಮಣ್ಣಿನಂಗ ಐತಲ್ಲಲೇ. ಅಡ್ಡಾಡಿದೇನು?"

"ಅಡ್ಡಾಡೀನಿ."

"ಕಲ್ಲು?"

"ಒಂದೂ ಇಲ್ಲ."

ಎಂಟು ದಿನಕ್ಕೆ ಮಾತು ಗಟ್ಟಿಯಾಗಿ ಸಕ್ಕರೆ ಹಂಚಿದರು.

ಮದುವೆಯಾದ ಮೇಲೆ ಹೋಗಿ ನೋಡಿದರೆ ಆ ಊರು ಎತ್ತರದಲ್ಲಿತ್ತು. ಅಲ್ಲಿಂದ ಡೋಣಿ ದೂರದಲ್ಲಿ ಬೆಳ್ಳಗೆ ಕಾಣುತ್ತಿತ್ತು, ಅಷ್ಟೇ. ಅವರು ಸುಳ್ಳು ಹೇಳಿರಲಿಲ್ಲ. ಹೊಳೆ ಕಂಡರೆ ಅವರ ಪಾಲಿಗೆ ಅದು ಸಾಲು. ಆದರೆ ಅಕ್ಕನ ಗಂಡನ ಹೊಲ ಅಪ್ಪಟ ಮಡ್ಡಿ. ಸೊಸೆಯನ್ನು ಬಂದ ನೆಲದ ಹೆಸರಿನಿಂದ ಕರೆಯುವುದು ನಮ್ಮಲ್ಲಿ ವಾಡಿಕೆ. ಹಾಗೆ ಅಕ್ಕ ಅಲ್ಲಿ 'ಸಾಲಿನಾಕಿ' ಆದಳು. ಅವಳ ಅತ್ತೆ ನನ್ನೆದುರಿಗೇ ಕೂಗುತ್ತಿದ್ದಳು: "ಏ ಸಾಲಿನಾಕಿ, ನಿಮ್ಮ ಸೀಮ್ಯಾಗ ಕಲ್ಲ ಇರಂಗಿಲ್ಲಂತಲ್ಲ? ಇಲ್ಲಿ ಕಣ್ತುಂಬ ನೋಡವಾ!" ಅಕ್ಕ ನಗುತ್ತಲೇ ಉತ್ತರ ಕೊಡುವಳು: "ನೋಡಿ ನೋಡಿ ಆರಿಸಾಕತ್ತೀನಿ ಅತ್ತಿ, ಮುಗದ ಮ್ಯಾಲೆ ನೀವೂ ಸಾಲಿನವರಾಗ್ತೀರಿ."

ಅಪ್ಪನ ಕಾಲು ಸರಿಹೋಗಲೇ ಇಲ್ಲ, ಪ್ರತಿ ಪಂಚಮಿಗೆ ಅವಳನ್ನು ಕರೆತರಲು ನಾನೇ ಹೋಗಬೇಕು. ಬಸ್ಸಿನಲ್ಲಿ ಕುಳಿತಲ್ಲಿ ಕುಳಿತಿರಲು ಆಗುತ್ತಿರಲಿಲ್ಲ. ಬಬಲೇಶ್ವರಕ್ಕೆ ಬರುವಷ್ಟರಲ್ಲಿ ಎದ್ದು ಬಾಗಿಲಿಗೆ ನಿಂತಿರುತ್ತಿದ್ದೆ. ಅಕ್ಕನ ಉಗುರಿನ ಕಪ್ಪು ಗೆರೆ ಹೋಗಿತ್ತು. ಉಗುರೇ ಅರ್ಧ ಸವೆದಿತ್ತು. "ಹೊಲಕ್ಕ ಬಾರಲೇ, ನೋಡುವಂತಿ" ಎಂದು ಪ್ರತಿ ಸಲವೂ ಕರೆಯುವಳು. ಬಸ್ಸು ತಪ್ಪುತ್ತದೆ ಎನ್ನುವೆ, ಹೊಟ್ಟೆ ಸರಿಯಿಲ್ಲ ಎನ್ನುವೆ. ಅಪ್ಪ ಕೇಳಿದರೆ ಅವಳೇ ಹೇಳುವಳು: "ಹೊಲಾ ಚಲೋ ಐತಿ ಯಪ್ಪಾ. ತಮ್ಮ ನೋಡ್ಯಾನಲ್ಲ." ಆ ಮಾತು ನನ್ನನ್ನು ಊಟದ ಮುಂದಿನಿಂದ ಎಬ್ಬಿಸುತ್ತಿತ್ತು. ಅಪ್ಪ ಅದನ್ನೇ ನಂಬಿಕೊಂಡು ತೀರಿಹೋದ.

ಮದುವೆಯಾದ ಏಳೆಂಟು ವರ್ಷಕ್ಕೆ ಅಕ್ಕನಿಗೆ ಕಾಮಾಲೆ ಬಂತು. ವಿಜಾಪುರದ ದವಾಖಾನೆಯಲ್ಲಿ ಅವಳ ಹಾಸಿಗೆಯ ಪಕ್ಕ ಕೂತಿದ್ದೆ. ಭಾವ ಚಹಾ ತರಲು ಹೋಗಿದ್ದ. ಈಗ ಹೇಳದಿದ್ದರೆ ಇನ್ನಿಲ್ಲ ಎನಿಸಿತು.

"ಅಕ್ಕಾ, ಅವತ್ತು ಆ ಮಣ್ಣು..." ಎಂದೆ.

ಅವಳು ಹಳದಿಯಾದ ಕಣ್ಣು ತಿರುಗಿಸಿದಳು. "ಯಾವ ಸಿನಿಮಾ ಇತ್ತಲೇ ಅವತ್ತು?"

"ನಿನಗ ಯಾರು ಹೇಳಿದ್ರು ಬೇ?" ಎಂದೆ.

"ಸಕ್ಕರಿ ಹಂಚಿದ ಮರುದಿನ ನಿನ್ನ ಅಂಗಿ ಒಗ್ಯಾಕ ತಗೊಂಡಿದ್ನಿ. ಕಿಸೇದಾಗ ಅರ್ಧಾ ಚೀಟಿ ಇತ್ತು."

"ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ಅಪ್ಪ ಬಾರಕೋಲಿಲೆ ನಿನ್ನ ಚರ್ಮಾ ಸುಲೀತಿದ್ದ. ಊರ ಮುಂದ ಸಕ್ಕರಿ ತಿರುಗಿ ಕೊಡಾಕ ಬರತಿತ್ತೇನು?" ಸ್ವಲ್ಪ ದಣಿವಾರಿಸಿಕೊಂಡಳು. "ಚಲೋ ಇತ್ತೇನಲೇ ಸಿನಿಮಾ?"

ಒಂದು ಕುದುರೆ ಓಡಿದ್ದು ಬಿಟ್ಟರೆ ನನಗೆ ಏನೂ ನೆನಪಿರಲಿಲ್ಲ. "ಚಲೋ ಇತ್ತು" ಎಂದೆ.

ಮೂರನೆಯ ದಿನ ಅಕ್ಕ ಹೋದಳು.

ದಿನಕರ್ಮ ಮುಗಿದ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಅವಳ ಹೊಲಕ್ಕೆ ಹೋದೆ. ಬದುವಿನ ಮೇಲೆ ಎದೆಮಟ್ಟ ಕಲ್ಲು ಪೇರಿಸಿತ್ತು. ಈ ಕಡೆಯಿಂದ ನಡೆಯತೊಡಗಿದೆ, ಅವಳು ಹೇಳಿದಂತೆ, ಬರಿಗಾಲಲ್ಲಿ. ಮಣ್ಣು ಕಪ್ಪಲ್ಲ, ಕೆಂಪು. ಆದರೆ ಕಾಲಿಗೆ ಒಂದು ಹರಳೂ ತಾಗಲಿಲ್ಲ. ಹತ್ತು ಹೆಜ್ಜೆ, ನೂರು ಹೆಜ್ಜೆ. ಅರ್ಧ ಹೊಲ ದಾಟಿದ್ದೆ. ಅಲ್ಲೊಂದು ತೂತುಬಿದ್ದ ಕಬ್ಬಿಣದ ಬುಟ್ಟಿ ಬೋರಲಾಗಿ ಬಿದ್ದಿತ್ತು. ಅದನ್ನು ದಾಟಿ ಇಟ್ಟ ಮೊದಲ ಹೆಜ್ಜೆಗೆ ಕಲ್ಲು ಚುಚ್ಚಿತು.

ಅಕ್ಕನ ಸಾಲು ಅಲ್ಲಿತನ ಬಂದಿತ್ತು. ನಾನು ಕೂತು ಬುಟ್ಟಿಯನ್ನು ನೆಟ್ಟಗೆ ಮಾಡಿ, ಆ ಕಲ್ಲನ್ನು ಅದರೊಳಗೆ ಹಾಕಿದೆ.