ಎರಡಿಂಚಿನ ಮುದ್ದೆ

ಜಗಳೂರಿನಲ್ಲಿ ನಮ್ಮ ಯಜಮಾನರದು ಪೈಪಿನ ಅಂಗಡಿ. ಎರಡಿಂಚಿನ ಪೈಪು ಖಾಲಿಯಾದರೆ ಒಂದಿಂಚಿನವು ಎರಡು ಕೊಟ್ಟು, "ಎಲ್ಲಾ ಒಂದೇ, ತಗಂಡೋಗ್ರಿ" ಎಂದು ಗಿರಾಕಿಯನ್ನು ಸಾಗಹಾಕುತ್ತಾರೆ. ಅಷ್ಟು ನೀರು ಬರಲು ಒಂದಿಂಚಿನವು ನಾಲ್ಕು ಬೇಕು ಎಂದರೆ, "ನೀನು ಸುಮ್ನಿರು" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಮೊನ್ನೆ ಡಾಕ್ಟರು ಸಕ್ಕರೆ ಕಾಯಿಲೆ ಎಂದು ಅವರ ರಾಗಿಮುದ್ದೆಯನ್ನು ಅರ್ಧಕ್ಕಿಳಿಸಿದರು. ಅಂಗಡಿಯ ಟೇಪನ್ನೇ ಹಿಡಿದು, ನಾಲ್ಕಿಂಚು ಅಗಲದ ಮುದ್ದೆಯ ಬದಲು ಎರಡಿಂಚಿನದು ಕಟ್ಟಿ ಬಡಿಸಿದೆ.

"ಏನೇ ಇದು, ನಿಂಬೆಹಣ್ಣು ಇದ್ದಂಗೈತೆ?"

"ನಿಮ್ಮ ಲೆಕ್ಕದಾಗೆ ಅರ್ಧ ರೀ."

"ಹಂಗಾದ್ರೆ ಇನ್ನೊಂದು ಹಾಕು."

ಹಾಕಿದೆ. ಅದೂ ನುಂಗಿ, ಹಸಿದ ಮುಖದಲ್ಲೇ ಮತ್ತೆ ತಟ್ಟೆ ಮುಂದೆ ಮಾಡಿದರು.

"ಎರಡು ಸೇರಿ ಹಳೇ ಮುದ್ದೆನೇ ಆತಲ್ಲ, ಎಲ್ಲಾ ಒಂದೇ. ಕೈ ತೊಳ್ಕೊಳ್ರಿ" ಎಂದೆ.